ಯುಲಿಸಿಸ್‌ನ ನಾಯಿ ಇರುವ ಬೆಳ್ಳಿ ನಾಣ್ಯ ಕೊಳ್ಳಬಹುದಾ?

ಓದುಗರ ಪ್ರಶ್ನೆ: "ನಮ್ಮದು ಕುಮಟಾ. ಹದಿನಾಲ್ಕು ವರ್ಷ ಮಸ್ಕತ್‌ನಲ್ಲಿ ಕೆಲಸ ಮಾಡಿದೆ. ಕೊರೊನಾ, ಆಮೇಲೆ ಕೆಲಸದ ತಾಪತ್ರಯ ಅಂತ ನಡುವೆ ನಾಲ್ಕು ವರ್ಷ ಊರಿಗೆ ಬರಲು ಆಗಲೇ ಇಲ್ಲ. ಬಂದ ದಿನ ಗಡ್ಡ ಬಿಟ್ಟಿದ್ದ ನನ್ನನ್ನು ಗೇಟಿನ ಹತ್ತಿರ ಅಮ್ಮನಿಗೇ ಒಂದು ಕ್ಷಣ ಗುರುತು ಸಿಗಲಿಲ್ಲ. ಆದರೆ ನಮ್ಮ ಕರಿಯನಿಗೆ ಸಿಕ್ಕಿತು. ಹನ್ನೆರಡು ವರ್ಷದ ನಾಯಿ. ಎದ್ದು ಬರಲು ಆಗದೆ ಮಲಗಿದಲ್ಲೇ ಬಾಲ ಬಡಿಯಿತು. ಮೂರು ವಾರಕ್ಕೆ ತೀರಿಕೊಂಡಿತು. ಮೊನ್ನೆ ಆನ್‌ಲೈನ್‌ನಲ್ಲಿ ಒಂದು ರೋಮನ್ ಬೆಳ್ಳಿ ನಾಣ್ಯ ನೋಡಿದೆ. ಮನೆಗೆ ಮರಳಿದ ಯುಲಿಸಿಸ್, ಎದುರಿಗೆ ಅವನ ನಾಯಿ. ನೋಡಿದಾಗಿನಿಂದ ಅದೇ ಗುಂಗು. ಬೆಲೆ 3,200 ರೂಪಾಯಿ, ಸರ್ಟಿಫಿಕೇಟ್ ಕೊಡುತ್ತಾರಂತೆ. ಅವರ ಹತ್ತಿರವೇ ಅದೇ ತರಹದ ಇನ್ನೊಂದೂ ಇದೆ. ಎರಡರ ಫೋಟೊ ಕಳಿಸಿದ್ದೇನೆ. ಅಸಲಿಯಾ? ಹಳೆ ನಾಣ್ಯ ಮನೆಯಲ್ಲಿಟ್ಟರೆ ಪೊಲೀಸರು ಬರುತ್ತಾರೆ, ಮಣ್ಣಿನಿಂದ ತೆಗೆದದ್ದು ದೋಷ ಬೇರೆ ಅಂತ ಸೋದರಮಾವ ಹೇಳುತ್ತಾರೆ. ತಮ್ಮ ಲಂಡನ್‌ನಲ್ಲಿದ್ದಾನೆ, ಅಲ್ಲಿಂದ ತರಿಸಬಹುದಾ? ಸರಕ್ಕೆ ಡಾಲರ್ ಮಾಡಿಸಿ ಹಾಕಿಕೊಳ್ಳುವ ಆಸೆ ಇದೆ. ಕಪ್ಪಾಗಿದ್ದರೆ ಹುಣಸೆಹಣ್ಣಿನಲ್ಲಿ ತೊಳೆಯಬಹುದಾ? ಮುಂದೆ ಮಗಳಿಗೆ ಆನೆಯ ನಾಣ್ಯ, ವಕೀಲೆಯಾದ ಹೆಂಡತಿಗೆ ತಕ್ಕಡಿಯ ನಾಣ್ಯ ಕೊಡಿಸಬೇಕು ಅಂತಲೂ ಇದೆ. ನನ್ನ ನೆನಪಿಗೋಸ್ಕರ ರೋಮಿನವರ ನಾಣ್ಯ ಕೊಳ್ಳುವುದು ಹುಚ್ಚುತನವೇ?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ಐದಾರು ಇವೆ. ಆದರೆ ಒಳಗಿನ ಅಳುಕು ಒಂದೇ: ಮನಸ್ಸಿಗೆ ಹತ್ತಿರವಾದ ಒಂದು ಚಿತ್ರಕ್ಕೆ ದುಡ್ಡು ಕೊಟ್ಟು ಮೋಸ ಹೋಗಿಬಿಟ್ಟರೆ? ಆ ಅಳುಕು ಸರಿಯಾಗಿಯೇ ಇದೆ. ಇಷ್ಟು ವರ್ಷಗಳಲ್ಲಿ ನನ್ನ ಮೇಜಿನ ಮೇಲೆ ಬಂದ ನಕಲಿ ನಾಣ್ಯಗಳಲ್ಲಿ ಹೆಚ್ಚಿನವು ಯಾವುದೋ ನೆನಪಿಗಾಗಿ ಕೊಂಡವು. ಚಿತ್ರ ಮನಸ್ಸಿಗೆ ನಾಟಿತು ಅಂದರೆ ಕಣ್ಣು ಮಿಕ್ಕಿದ್ದನ್ನು ನೋಡುವುದಿಲ್ಲ. ತೂಕ ಕೇಳುವುದಿಲ್ಲ, ಅಂಚು ನೋಡುವುದಿಲ್ಲ. ನಾನೂ ಹಾಗೆ ಕೊಂಡವನೇ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ನಾಣ್ಯದ ವಿಷಯ. ಅದು ಏನು ಅಂತ ಗೊತ್ತಾದರೆ ಅರ್ಧ ಪ್ರಶ್ನೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ನೀವು ನೋಡಿದ್ದು ಗೈಯುಸ್ ಮಾಮಿಲಿಯುಸ್ ಲಿಮೆಟಾನುಸ್ ಎಂಬ ಅಧಿಕಾರಿ ಕ್ರಿ.ಪೂ. 82ರಲ್ಲಿ ರೋಮ್‌ನಲ್ಲಿ ಅಚ್ಚು ಹಾಕಿಸಿದ ಡೆನೇರಿಯಸ್, ಅಂದರೆ ರೋಮಿನವರ ಬೆಳ್ಳಿ ನಾಣ್ಯ. ಸಂಗ್ರಹಕಾರರ ಭಾಷೆಯಲ್ಲಿ ಕ್ರಾಫರ್ಡ್ 362/1, ಅಂದರೆ ಕ್ರಾಫರ್ಡ್ ಎಂಬ ವಿದ್ವಾಂಸರ ಪಟ್ಟಿಯಲ್ಲಿ ಇದರ ಸಂಖ್ಯೆ. ಈ ಸಂಖ್ಯೆ ಬರೆದಿಟ್ಟುಕೊಳ್ಳಿ, ಹುಡುಕುವಾಗ ಬೇಕಾಗುತ್ತದೆ. ಒಂದು ಕಡೆ ರೆಕ್ಕೆಯ ಟೋಪಿ ಹಾಕಿದ ಮರ್ಕ್ಯುರಿ ದೇವತೆ. ಇನ್ನೊಂದು ಕಡೆ ಗ್ರೀಕ್ ಕಥೆಗಳ ವೀರ ಯುಲಿಸಿಸ್. ತಲೆಗೆ ನಾವಿಕರ ಮೊನಚು ಟೋಪಿ, ಒಂದು ಕೈಯಲ್ಲಿ ಊರುಗೋಲು. ಇನ್ನೊಂದು ಕೈ ಮುಂದಕ್ಕೆ ಚಾಚಿದೆ. ಎದುರಿಗೆ ಆರ್ಗೋಸ್, ಅವನ ನಾಯಿ.

ಗ್ರೀಕ್ ಕವಿ ಹೋಮರನ ಕಾವ್ಯದಲ್ಲಿ ಈ ಸನ್ನಿವೇಶ ಬೇರೆ ತರಹ ಇದೆ. ಯುದ್ಧಕ್ಕೆ ಹೋದ ಇಪ್ಪತ್ತು ವರ್ಷದ ಮೇಲೆ ಯುಲಿಸಿಸ್ ಭಿಕ್ಷುಕನ ವೇಷದಲ್ಲಿ ಮನೆಗೆ ಬರುತ್ತಾನೆ. ಮುದಿ ಆರ್ಗೋಸ್ ಗೊಬ್ಬರದ ರಾಶಿಯ ಮೇಲೆ ಮಲಗಿರುತ್ತದೆ, ಮೈತುಂಬಾ ಉಣ್ಣೆ. ಒಡೆಯನನ್ನು ಗುರುತಿಸಿ ಬಾಲ ಆಡಿಸುತ್ತದೆ, ಕಿವಿ ಇಳಿಬಿಡುತ್ತದೆ. ಹತ್ತಿರ ಬರುವ ಶಕ್ತಿ ಅದಕ್ಕಿಲ್ಲ. ಇವನೂ ಹತ್ತಿರ ಹೋಗುವಂತಿಲ್ಲ, ಹೋದರೆ ಗುಟ್ಟು ರಟ್ಟಾಗುತ್ತದೆ. ಮುಖ ತಿರುಗಿಸಿ ಕಣ್ಣೀರು ಒರೆಸಿಕೊಂಡು ಒಳಗೆ ನಡೆಯುತ್ತಾನೆ. ನಾಯಿ ಅಲ್ಲೇ ಪ್ರಾಣ ಬಿಡುತ್ತದೆ.

ಈಗ ನಾಣ್ಯ ನೋಡಿ. ಕಾವ್ಯದಲ್ಲಿ ಚಾಚಲಾಗದ ಕೈ ಇಲ್ಲಿ ಚಾಚಿದೆ. ನಾಯಿ ನಾಲ್ಕು ಕಾಲಮೇಲೆ ಎದ್ದು ನಿಂತಿದೆ. ಅಚ್ಚು ಕೆತ್ತಿದವನು ಯಾರೋ ಗೊತ್ತಿಲ್ಲ, ಹೆಸರಿಲ್ಲದ ಕೆಲಸಗಾರ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಜಾಗದಲ್ಲಿ ಆ ಇಬ್ಬರನ್ನೂ ಒಂದು ಗೇಣು ಹತ್ತಿರ ತಂದುಬಿಟ್ಟ. ನಾನು ಭೂತಗನ್ನಡಿಯಲ್ಲಿ ಇದನ್ನು ಮೊದಲ ಸಲ ನೋಡಿದಾಗ ಬಹಳ ಹೊತ್ತು ಕೆಳಗಿಡಲಿಲ್ಲ. ನಿಮಗೆ ಯಾಕೆ ಗುಂಗು ಹಿಡಿದಿದೆ ಅಂತ ನನಗೆ ಅರ್ಥವಾಗುತ್ತದೆ.

ಇನ್ನೊಂದು ಮಾತು. "ನನ್ನ ನೆನಪಿಗೋಸ್ಕರ ರೋಮಿನವರ ನಾಣ್ಯ ಕೊಳ್ಳುವುದು ಹುಚ್ಚುತನವೇ" ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಅಲ್ಲ. ಈ ಚಿತ್ರ ನಾಣ್ಯಕ್ಕೆ ಬಂದದ್ದೇ ಒಂದು ಮನೆತನದ ನೆನಪಾಗಿ. ಗಣರಾಜ್ಯದ ಕಾಲದ, ಅಂದರೆ ಚಕ್ರವರ್ತಿಗಳು ಬರುವ ಮೊದಲಿನ, ರೋಮ್‌ನಲ್ಲಿ ಟಂಕಸಾಲೆ ನೋಡಿಕೊಳ್ಳಲು ಸಾಮಾನ್ಯವಾಗಿ ವರ್ಷಕ್ಕೆ ಮೂವರು ಅಧಿಕಾರಿಗಳು ಇರುತ್ತಿದ್ದರು. ರಾಜಕೀಯದಲ್ಲಿ ಮೇಲೆ ಬರಬೇಕೆಂದಿದ್ದ ಹುಡುಗರು. ಕ್ರಿ.ಪೂ. ಎರಡನೇ ಶತಮಾನದ ಕೊನೆಯ ಹೊತ್ತಿಗೆ ಅವರು ತಮ್ಮ ತಮ್ಮ ಮನೆತನದ ಕಥೆಗಳನ್ನೇ ನಾಣ್ಯಕ್ಕೆ ಹಾಕಲು ಶುರುಮಾಡಿದರು. ಮಾಮಿಲಿಯುಸ್ ಮನೆಯವರು ಟುಸ್ಕುಲುಮ್ ಊರಿನವರು. ಯುಲಿಸಿಸ್ ಮತ್ತು ಮಾಯಾವಿ ಸಿರ್ಸೆಯ ಮಗ ಟೆಲೆಗೊನುಸ್ ತಮ್ಮ ಮೂಲಪುರುಷ ಅಂತ ಹೇಳಿಕೊಳ್ಳುತ್ತಿದ್ದರು. ಮರ್ಕ್ಯುರಿ ಯಾಕೆ ಅಂದರೆ, ಅವನು ಯುಲಿಸಿಸ್‌ನ ತಾಯಿಯ ಕಡೆಯ ಮುತ್ತಜ್ಜ. ಅಂದರೆ ನಾಣ್ಯದ ಎರಡೂ ಮುಖದಲ್ಲಿ ಇರುವುದು ಒಂದು ಮನೆಯ ವಂಶಾವಳಿ. ಹೀಗೆ ಮನೆಯವರ ಕಥೆಗಾಗಿಯೇ ಹುಟ್ಟಿದ ನಾಣ್ಯ ಇನ್ನೊಂದು ಮನೆಗೆ ಅದರದೇ ಕಥೆಯಾಗಿ ಬಂದರೆ ಅದರಲ್ಲಿ ತಪ್ಪೇನೂ ಇಲ್ಲ. ನಾಯಿ ಬಿಟ್ಟು ಸ್ವರ್ಗಕ್ಕೆ ಬರಲ್ಲ ಅಂದ ಧರ್ಮರಾಯನ ಕಥೆ ಕೇಳಿ ಬೆಳೆದ ನಮಗೆ ಆರ್ಗೋಸ್ ಪರಕೀಯ ಅನ್ನಿಸುವುದೂ ಇಲ್ಲ, ಅಲ್ವಾ?

ಈಗ 3,200 ರೂಪಾಯಿಯ ಪ್ರಶ್ನೆ. ಕೊಳ್ಳಬೇಡಿ.

ಬೆಲೆ ಕಡಿಮೆ ಅಂತ ಹೇಳುತ್ತಿಲ್ಲ. ನೀವು ಕಳಿಸಿದ ಎರಡು ಫೋಟೊ ಪಕ್ಕ ಪಕ್ಕ ಇಟ್ಟು ನೋಡಿ. ಮರ್ಕ್ಯುರಿಯ ಗಲ್ಲದ ಕೆಳಗೆ ಒಂದು ಸಣ್ಣ ಪೆಟ್ಟಿನ ಗುರುತಿದೆ. ಎರಡರಲ್ಲೂ ಅದೇ ಜಾಗ, ಅದೇ ಆಕಾರ. ಎರಡರಲ್ಲೂ ಚಿತ್ರ ಎಡಕ್ಕೆ ಅಷ್ಟೇ ಸರಿದಿದೆ. ರೋಮ್‌ನಲ್ಲಿ ಒಂದೊಂದು ಬಿಲ್ಲೆಯನ್ನೂ ಕೈಯಲ್ಲಿ ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಒಂದೇ ಅಚ್ಚಿನಿಂದ ಬಂದ ಎರಡು ನಾಣ್ಯವೂ ಒಂದೇ ಸಮ ಇರುವುದಿಲ್ಲ. ಒಂದು ಮೇಲಕ್ಕೆ ಸರಿದಿರುತ್ತದೆ, ಇನ್ನೊಂದರ ಅಂಚು ಸೀಳಿರುತ್ತದೆ. ಆಮೇಲೆ ನೂರಾರು ಕೈ ದಾಟುವಾಗ ಬಿದ್ದ ಪೆಟ್ಟಂತೂ ಎರಡು ನಾಣ್ಯಕ್ಕೆ ಒಂದೇ ಕಡೆ ಬೀಳಲು ಸಾಧ್ಯವೇ ಇಲ್ಲ. ಒಂದೇ ಗಾಯ ಎರಡರಲ್ಲಿ ಇದೆ ಅಂದರೆ ಎರಡೂ ಒಂದೇ ಪಡಿಯಚ್ಚಿನಿಂದ ಎರಕ ಹೊಯ್ದವು.

ಅಂಚನ್ನೂ ನೋಡಿ. ಈ ನಾಣ್ಯದ ಅಂಚಿನ ಸುತ್ತ ಗರಗಸದ ಹಲ್ಲಿನ ಹಾಗೆ ಕಚ್ಚು ಇರುತ್ತವೆ. ಚಿತ್ರ ಹೊಡೆಯುವ ಮೊದಲು ಉಳಿಯಿಂದ ಒಂದೊಂದಾಗಿ ಹಾಕಿದ ಕಚ್ಚು. ಹಾಗಾಗಿ ಅಸಲಿಯಲ್ಲಿ ಒಂದು ಆಳ, ಒಂದು ಮೇಲೆ ಮೇಲೆ, ಒಂದು ಓರೆ. ಒಳಗಿನ ಮೂಲೆ ಚೂಪಾಗಿರುತ್ತದೆ. ನಿಮ್ಮ ಫೋಟೊದಲ್ಲಿ ಕಚ್ಚುಗಳೆಲ್ಲ ಬಳಸಿದ ಸಾಬೂನಿನ ಹಾಗೆ ದುಂಡಗಾಗಿವೆ. ಎರಕದಲ್ಲಿ ಆಗುವುದೇ ಹಾಗೆ. ನಾಯಿಯ ಕಾಲುಗಳ ನಡುವೆ ಕಾಣುವ ಚುಕ್ಕಿ ಚುಕ್ಕಿ ಗುಂಡಿಗಳು ಗಾಳಿಗುಳ್ಳೆಯ ಗುರುತು. ಅಂಚಿನ ಫೋಟೊ, ತೂಕ, ಎರಡನ್ನೂ ಕೇಳಿ ನೋಡಿ. ಕೊಡಲು ಮೀನಮೇಷ ಎಣಿಸಿದರೆ ಅದೇ ಉತ್ತರ.

ತೂಕ ಎಷ್ಟಿರಬೇಕು? ಆ ಕಾಲದಲ್ಲಿ ಒಂದು ರೋಮನ್ ಪೌಂಡ್ ಬೆಳ್ಳಿಯಲ್ಲಿ 84 ಡೆನೇರಿಯಸ್ ಹೊಡೆಯುತ್ತಿದ್ದರು. ಅಂದರೆ ಒಂದಕ್ಕೆ ಸುಮಾರು 3.9 ಗ್ರಾಂ. ಸವೆತ ಕಳೆದು 3.6ರಿಂದ 4 ಗ್ರಾಂ ಒಳಗೆ ಬಂದರೆ ಸಹಜ. ಕ್ರಿ.ಶ. 64ರ ಸುಮಾರಿಗೆ ಚಕ್ರವರ್ತಿ ನೀರೋ ಅದನ್ನು ಪೌಂಡಿಗೆ 96ಕ್ಕೆ ಇಳಿಸಿದ. ಹಾಗಾಗಿ ಅವನ ನಂತರದವು 3.4 ಗ್ರಾಂ ಆಸುಪಾಸು. ಮೂರನೇ ಶತಮಾನದ ಶುರುವಿಗೆ ಬರುವಾಗ ಬೆಳ್ಳಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು, ಉಳಿದದ್ದು ತಾಮ್ರ. ಈ ಲೆಕ್ಕ ಗೊತ್ತಿದ್ದರೆ ಚಿನ್ನ ಬೆಳ್ಳಿ ಅಂಗಡಿಯ ತಕ್ಕಡಿಯಲ್ಲೇ ಎಷ್ಟೋ ನಕಲಿ ಸಿಕ್ಕಿಬೀಳುತ್ತವೆ.

ಆದರೆ ತೂಕ ಕಡಿಮೆ ಬಂದದ್ದೆಲ್ಲ ಇವತ್ತಿನ ನಕಲಿ ಅಲ್ಲ. ರೋಮ್‌ನಲ್ಲೇ ಕಳ್ಳ ನಾಣ್ಯ ಇತ್ತು. ತಾಮ್ರದ ಬಿಲ್ಲೆಗೆ ತೆಳು ಬೆಳ್ಳಿ ಹಾಳೆ ಸುತ್ತಿ ಹೊಡೆದದ್ದು. ಅಂಚಿನಲ್ಲಿ ಕಚ್ಚು ಹಾಕಿದ್ದು ಒಳಗೂ ಬೆಳ್ಳಿಯೇ ಅಂತ ತೋರಿಸಲು ಅನ್ನುವ ವಿವರಣೆ ಬಹಳ ಕಾಲದಿಂದ ಇದೆ. ಜರ್ಮನ್ ಬುಡಕಟ್ಟಿನವರು ಕಚ್ಚಿನ ಅಂಚಿನ ನಾಣ್ಯಗಳನ್ನೇ ಇಷ್ಟಪಡುತ್ತಿದ್ದರು ಅಂತ ರೋಮ್‌ನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಆದರೆ ಕಳ್ಳರು ಕಚ್ಚು ಹಾಕಿದ ಬಿಲ್ಲೆಗೂ ಬೆಳ್ಳಿ ಸುತ್ತಿದರು, ಅಂಥವೂ ಸಿಗುತ್ತವೆ. ಇವು ಪ್ರಾಚೀನವೇ, ಬೆಲೆ ಮಾತ್ರ ಕಡಿಮೆ. ಸಿಪ್ಪೆ ಎದ್ದ ಕಡೆ ಕಂದು ಅಥವಾ ಹಸಿರು ಕಾಣುತ್ತದೆ. ಮಾರುವವರು ಮುಚ್ಚಿಡದೆ ಹೇಳಿದರೆ ಕೊಳ್ಳಲು ಅಡ್ಡಿಯಿಲ್ಲ. ಆದರೆ ಕರಾವಳಿಯ ಉಪ್ಪು ಗಾಳಿಗೆ ಒಳಗಿನ ತಾಮ್ರ ಕಿಲುಬು ಹಿಡಿಯುತ್ತದೆ. ಕುಮಟಾದ ಮನೆಗೆ ನಾನು ಅಂಥದ್ದನ್ನು ಹೇಳುವುದಿಲ್ಲ.

ಸರ್ಟಿಫಿಕೇಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಗದ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಬೇಕಾದದ್ದು ಮಾರುವವರ ಬರಹದ ಭರವಸೆ: ನಕಲಿ ಅಂತ ಯಾವಾಗ ಗೊತ್ತಾದರೂ ಪೂರ್ತಿ ಹಣ ವಾಪಸ್. ಅವಧಿಯ ಮಿತಿ ಇಲ್ಲದೆ. ಒಳ್ಳೆಯ ವ್ಯಾಪಾರಿಗಳು ಇದನ್ನು ಕೇಳದೆಯೇ ಕೊಡುತ್ತಾರೆ.

"ಎರಡು ಸಾವಿರ ವರ್ಷ ಹಳೆಯದು ಇಷ್ಟು ಅಗ್ಗಕ್ಕೆ ಸಿಗುತ್ತದಾ" ಅನ್ನುವುದು ಎಲ್ಲರೂ ಕೇಳುವ ಮಾತು. ಸಿಗುತ್ತದೆ. ವಯಸ್ಸಿಗೂ ಬೆಲೆಗೂ ನೇರ ಸಂಬಂಧ ಇಲ್ಲ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು ಅನ್ನುವುದೇ ಲೆಕ್ಕ. ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದಲ್ಲಿ ಒಬ್ಬ ಸಾಮಾನ್ಯ ಸೈನಿಕನ ವರ್ಷದ ಸಂಬಳ 225 ಡೆನೇರಿಯಸ್. ಇಡೀ ಸೈನ್ಯಕ್ಕೆ ಅಂದರೆ ಎಷ್ಟು ನಾಣ್ಯ ಬೇಕು ಯೋಚಿಸಿ. ಅದರಲ್ಲಿ ಎಷ್ಟೋ ಮಡಕೆಗಳಲ್ಲಿ ಹೂತು, ತೆಗೆಯುವವರಿಲ್ಲದೆ ಉಳಿದವು. ಹಾಗಾಗಿ ಸಾಮ್ರಾಜ್ಯದ ಕಾಲದ ಸವೆದ, ಸಾಮಾನ್ಯ ಡೆನೇರಿಯಸ್ ಐದಾರು ಸಾವಿರ ರೂಪಾಯಿಗೆ ಸಿಗುವುದುಂಟು. ನಿಮ್ಮ ಯುಲಿಸಿಸ್‌ಗೆ ಬೇಡಿಕೆ ಜಾಸ್ತಿ, ಕಥೆ ಎಲ್ಲರಿಗೂ ಗೊತ್ತಲ್ಲ. ನಾನು ನೋಡಿದ ಹಾಗೆ ನೋಡಲು ಚೆಂದ ಇರುವಂಥದ್ದು ಇಪ್ಪತ್ತರಿಂದ ನಲವತ್ತೈದು ಸಾವಿರದ ನಡುವೆ ಹೋಗುತ್ತದೆ. ಸವೆದದ್ದು ಅದಕ್ಕಿಂತ ಕಡಿಮೆ, ಅಂದವಾದದ್ದು ಅದಕ್ಕಿಂತ ಬಹಳ ಜಾಸ್ತಿ. ಬೆಳ್ಳಿಯ ಬೆಲೆ ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನಾಲ್ಕು ಗ್ರಾಂ ಬೆಳ್ಳಿಗೆ ಎಷ್ಟಾಗುತ್ತದೆ ಅಂತ ನಿಮಗೇ ಗೊತ್ತು.

ನನ್ನ ಸಲಹೆ ಇಷ್ಟು. ಮರ್ಕ್ಯುರಿಯ ಮುಖ ಸವೆದಿದ್ದರೂ ಚಿಂತೆಯಿಲ್ಲ, ನಾಯಿ ಪೂರ್ತಿ ಇರಬೇಕು. ಆರ್ಗೋಸ್ ನಿಲ್ಲುವುದು ಬಲಗಡೆ, ಅಂಚಿಗೆ ಹತ್ತಿರ. ಹೊಡೆತ ಸ್ವಲ್ಪ ಆಚೀಚೆ ಆದರೆ ಮೊದಲು ಕಳೆದುಹೋಗುವುದು ನಾಯಿಯೇ. ಎಷ್ಟೋ ನಾಣ್ಯಗಳಲ್ಲಿ ಅದರ ಹಿಂಭಾಗ ಅಂಚಿನಾಚೆ ಹೋಗಿರುತ್ತದೆ. ಹರಾಜಿನವರು ಮುಖದ ಅಂದ, ಹೊಳಪು ನೋಡಿ ದರ್ಜೆ ಹಾಕುತ್ತಾರೆ. ನಿಮಗೆ ಬೇಕಾದದ್ದು ನಾಯಿ ಮತ್ತು ಆ ಚಾಚಿದ ಕೈ. ಅವೆರಡು ಚೆನ್ನಾಗಿದ್ದು ಮಿಕ್ಕಿದ್ದು ಸವೆದಿದ್ದರೆ ನಿಮಗೆ ಲಾಭ.

ಈಗ ನಾನು ಮೋಸ ಹೋದ ಕಥೆ. ನಮ್ಮಜ್ಜ ಕೊಡಗಿನ ಒಂದು ಆನೆ ಶಿಬಿರದಲ್ಲಿ ಕೆಲಸ ಮಾಡಿದವರು. ಅವರು ತೀರಿಕೊಂಡ ವರ್ಷ ಒಂದು ನಾಣ್ಯ ಮೇಳದಲ್ಲಿ ಜೂಲಿಯಸ್ ಸೀಸರ್‌ನ ಆನೆ ನಾಣ್ಯ ಕಣ್ಣಿಗೆ ಬಿತ್ತು. ಆನೆ ಸೊಂಡಿಲೆತ್ತಿ ಹಾವನ್ನು ತುಳಿಯುತ್ತಿರುವ ಚಿತ್ರ, ಕೆಳಗೆ ಸೀಸರ್ ಅನ್ನುವ ಅಕ್ಷರ. ಅಜ್ಜನ ನೆನಪಾಗಿ ಎರಡು ತಿಂಗಳ ಸಂಬಳ ಕೊಟ್ಟು ತಂದೆ. ಜೇಬಿನಲ್ಲೇ ಭೂತಗನ್ನಡಿ ಇತ್ತು, ತೆಗೆಯಲಿಲ್ಲ. ಮನೆಗೆ ಬಂದು ತೂಗಿದರೆ 3.1 ಗ್ರಾಂ. ಅಂಚಿನ ಸುತ್ತ ಅರ ಹಾಕಿ ಎರಕದ ಗೆರೆ ತೆಗೆದ ಗುರುತು. ಮಾರಿದವರು ಫೋನ್ ಎತ್ತಲಿಲ್ಲ. ಆ ನಕಲಿ ಇವತ್ತಿಗೂ ನನ್ನ ಡ್ರಾಯರ್‌ನಲ್ಲಿದೆ. ಹೊಸಬರು ಬಂದರೆ ಅಸಲಿಯ ಪಕ್ಕ ಇಟ್ಟು ತೋರಿಸುತ್ತೇನೆ. ಎರಡರ ಅಂಚನ್ನೂ ಬೆರಳಲ್ಲಿ ಮುಟ್ಟಿ ನೋಡಿದರೆ ಒಂದು ನಿಮಿಷದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಮಗಳಿಗೆ ಆನೆ ಅಂದಿರಲ್ಲ, ಅಲ್ಲಿಗೆ ಬರುತ್ತೇನೆ. ಎಲ್ಲರೂ ಹುಡುಕುವುದು ಆ ಸೀಸರ್‌ನ ಆನೆಯನ್ನೇ. ಅದು ಕ್ರಿ.ಪೂ. 49ರ ಸುಮಾರಿಗೆ, ಅಂತರ್ಯುದ್ಧ ಶುರುವಾದ ಹೊತ್ತಿಗೆ, ಸೈನಿಕರ ಸಂಬಳಕ್ಕಾಗಿ ರಾಶಿ ರಾಶಿ ಹೊಡೆದ ನಾಣ್ಯ. ಅದರಲ್ಲಿರುವುದು ಶತ್ರುವನ್ನು ತುಳಿಯುವ ಆನೆ. ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಹೊಡೆಸಿದ ಇನ್ನೊಂದು ಆನೆ ನಾಣ್ಯ ಇದೆ, ಮುದ್ದಾಗಿಯೇ ಇದೆ. ಆದರೆ ಅದನ್ನು ಕೊಲೊಸಿಯಂ ಉದ್ಘಾಟನೆಯ ಆಟಗಳ ಜೊತೆ ಜೋಡಿಸುತ್ತಾರೆ. ಆ ಆಟಗಳಲ್ಲಿ ಸಾವಿರಾರು ಪ್ರಾಣಿಗಳನ್ನು ಕೊಂದರು. ಆನೆ ಅಂದರೆ ಪ್ರಾಣ ಅನ್ನುವ ಮಗುವಿಗೆ ನಾನಾದರೆ ಅವೆರಡನ್ನೂ ಕೊಡುವುದಿಲ್ಲ.

ಬದಲಿಗೆ ಕ್ರಾಫರ್ಡ್ 374/1 ನೋಡಿ. ಕ್ರಿ.ಪೂ. 81ರದ್ದು, ಮೆಟೆಲ್ಲುಸ್ ಪಿಯುಸ್ ಹೊಡೆಸಿದ್ದು. ಆನೆ ಸುಮ್ನೆ ನಡೆದು ಹೋಗುತ್ತಿದೆ, ಕೊರಳಲ್ಲಿ ಗಂಟೆ ಇದೆ. ನಮ್ಮ ದೇವಸ್ಥಾನದ ಆನೆಯ ಹಾಗೆಯೇ. ಮೆಟೆಲ್ಲುಸ್ ಮನೆತನಕ್ಕೆ ಆನೆ ಲಾಂಛನವಾದದ್ದು ಅವರ ಪೂರ್ವಜನೊಬ್ಬ ಸಿಸಿಲಿಯ ಪನೋರ್ಮುಸ್ ಯುದ್ಧದಲ್ಲಿ ಕಾರ್ತೇಜಿನವರ ಆನೆಗಳನ್ನು ಹಿಡಿದದ್ದರಿಂದ. ಆದರೆ ಮುಂದಿನ ಮುಖ ನೋಡಿ: ಹೆತ್ತವರ, ದೇವರ ಮೇಲಿನ ಭಕ್ತಿಯ ದೇವತೆ ಪಿಯೆಟಾಸ್, ಎದುರಿಗೆ ಒಂದು ಕೊಕ್ಕರೆ. ಕೊಕ್ಕರೆ ಮುದಿಯಾದ ತಂದೆತಾಯಿಯನ್ನು ಸಾಕುತ್ತದೆ ಅಂತ ಆ ಕಾಲದ ನಂಬಿಕೆ. ಗಡಿಪಾರಾದ ತಂದೆಯನ್ನು ವಾಪಸ್ ಕರೆಸಲು ಈ ಮೆಟೆಲ್ಲುಸ್ ಪಟ್ಟ ಪಾಡಿಗೆ ಜನ ಅವನಿಗೆ ಪಿಯುಸ್, ಅಂದರೆ ಭಕ್ತಿವಂತ, ಅಂತ ಹೆಸರಿಟ್ಟರು. ದೂರ ಹೋಗಿದ್ದ ಅಪ್ಪ ಮನೆಗೆ ಬಂದದ್ದನ್ನು ನಿಮ್ಮ ಮಗಳೂ ನೋಡಿದ್ದಾಳೆ. ಬೆಲೆಯೂ ಸೀಸರ್‌ನ ಆನೆಗಿಂತ ಸಾಕಷ್ಟು ಕಡಿಮೆ.

ಹೆಂಡತಿಗೆ ತಕ್ಕಡಿ ಅಂದಿದ್ದೀರಿ. ಇಲ್ಲೊಂದು ಸಾಮಾನ್ಯ ತಪ್ಪು ತಿಳಿವಳಿಕೆ ಇದೆ. ರೋಮನ್ ನಾಣ್ಯಗಳಲ್ಲಿ ತಕ್ಕಡಿ ಹಿಡಿದು ನಿಂತ ಹೆಂಗಸು ಹೆಚ್ಚಾಗಿ ನೇರ ವ್ಯವಹಾರದ ದೇವತೆ ಏಕ್ವಿಟಾಸ್ ಅಥವಾ ಮೊನೆಟಾ. ಮೊನೆಟಾ ಟಂಕಸಾಲೆಯ ದೇವತೆಯೇ. ಆ ತಕ್ಕಡಿ ಹೇಳುವುದು ನಾಣ್ಯದ ತೂಕ ಸರಿಯಿದೆ, ಚಕ್ರವರ್ತಿ ಕೊಡುವುದರಲ್ಲಿ ಮೋಸ ಇಲ್ಲ ಅಂತ. ನ್ಯಾಯಾಲಯದ ತಕ್ಕಡಿ ಅಲ್ಲ ಅದು. ಚಿತ್ರ ಹಿಡಿಸಿದರೆ ಕೊಳ್ಳಿ, ಅಗ್ಗಕ್ಕೂ ಸಿಗುತ್ತದೆ. ಆದರೆ ವಕೀಲರಿಗೆ ಅಂತಲೇ ಮಾಡಿದ ಹಾಗಿರುವ ಒಂದು ನಾಣ್ಯ ಇದೆ. ಕ್ರಿ.ಪೂ. 110ರ ಸುಮಾರಿಗೆ ಪೋರ್ಸಿಯುಸ್ ಲೇಕಾ ಹೊಡೆಸಿದ್ದು, ಕ್ರಾಫರ್ಡ್ 301/1. ಸೇನಾಧಿಕಾರಿಯ ಎದುರು ಒಬ್ಬ ಸಾಮಾನ್ಯ ನಾಗರಿಕ ನಿಂತಿದ್ದಾನೆ, ಅಧಿಕಾರಿಯ ಹಿಂದೆ ಬೆತ್ತ ಹಿಡಿದ ಸೇವಕ. ಕೆಳಗೆ ಒಂದೇ ಪದ: "ಪ್ರೊವೋಕೊ". "ನಾನು ಮೇಲ್ಮನವಿ ಮಾಡುತ್ತೇನೆ." ಅಧಿಕಾರಿ ಕೊಟ್ಟ ಶಿಕ್ಷೆಯ ವಿರುದ್ಧ ಜನರ ಮುಂದೆ ಹೋಗುವ ನಾಗರಿಕನ ಹಕ್ಕು ಅದು. ಆ ಹಕ್ಕನ್ನು ಕಾನೂನಿನಲ್ಲಿ ಗಟ್ಟಿ ಮಾಡಿದ್ದು ಅದೇ ಪೋರ್ಸಿಯುಸ್ ಮನೆತನದವರು. ದಿನವೂ ಕೋರ್ಟಿಗೆ ಹೋಗುವವರ ಮೇಜಿನ ಮೇಲೆ ಇದು ಎಷ್ಟು ಚೆನ್ನಾಗಿ ಕೂರುತ್ತದೆ ಯೋಚಿಸಿ.

ಇನ್ನು ನಿಮ್ಮ ಮಾವನವರ ಮಾತು. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅವರು ಎರಡು ಬೇರೆ ಬೇರೆ ವಿಷಯ ಸೇರಿಸಿದ್ದಾರೆ ಅಷ್ಟೆ.

ನಮ್ಮಲ್ಲಿ ಭೂಮಿಯಲ್ಲಿ ಸಿಕ್ಕಿದ ನಿಧಿಯನ್ನು ಸರ್ಕಾರಕ್ಕೆ ತಿಳಿಸದೆ ಇಟ್ಟುಕೊಳ್ಳುವುದು ಅಪರಾಧ. 1878ರ ನಿಧಿ ಕಾಯ್ದೆಯ ಕಾಲದಿಂದಲೂ ನಿಯಮ ಇದೇ. ಕರ್ನಾಟಕದ ನೆಲದಲ್ಲಿ ರೋಮನ್ ಬೆಳ್ಳಿ ಸಿಕ್ಕಿರುವುದೂ ನಿಜ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕಿತು, ಆಮೇಲೆ ಎಚ್‌ಎಎಲ್ ಹತ್ತಿರ ಸಿಕ್ಕಿತು, ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಸಿಕ್ಕಿತು. ಆ ಕಾಲದ ರೋಮ್‌ನವರು ನಮ್ಮ ಮೆಣಸು, ಬಟ್ಟೆಗೆ ಬೆಳ್ಳಿ ಬಂಗಾರ ಸುರಿಯುತ್ತಿದ್ದರು. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ (ಡೆನೇರಿಯಸ್‌ಗಿಂತ ಸಣ್ಣ ರೋಮನ್ ನಾಣ್ಯ) ಹೀರುತ್ತದೆ ಅಂತ ರೋಮ್‌ನ ಬರಹಗಾರ ಪ್ಲಿನಿ ಗೊಣಗಿದ್ದಾನೆ. ಶ್ರೀಲಂಕಾದ ರಾಜನೊಬ್ಬ ಡೆನೇರಿಯಸ್‌ಗಳನ್ನು ನೋಡಿ, ಮುಖ ಬೇರೆ ಬೇರೆ ಇದ್ದರೂ ತೂಕ ಎಲ್ಲದಕ್ಕೂ ಒಂದೇ ಅಂತ ರೋಮಿನವರ ಪ್ರಾಮಾಣಿಕತೆಗೆ ತಲೆದೂಗಿದ ಅಂತಲೂ ಅವನೇ ಬರೆಯುತ್ತಾನೆ.

ಆದರೆ ಹಾಗೆ ಬಂದವು ಹೆಚ್ಚಾಗಿ ಅಗಸ್ಟಸ್ ಮತ್ತು ಟಿಬೇರಿಯಸ್ ಕಾಲದವು. ಅದಕ್ಕಿಂತ ಹಿಂದಿನವು ಕಡಿಮೆ. ಹಾಗಾಗಿ "ನಮ್ಮ ಹೊಲದಲ್ಲಿ ಸಿಕ್ಕಿತು" ಅಂತ ಯಾರಾದರೂ ಯುಲಿಸಿಸ್ ನಾಣ್ಯ ತೋರಿಸಿದರೆ ಎರಡರಲ್ಲಿ ಒಂದು: ಅದು ನಕಲಿ, ಇಲ್ಲವೇ ಕದ್ದುಮುಚ್ಚಿ ತೆಗೆದದ್ದು. ಎರಡೂ ನಿಮಗೆ ಬೇಡ.

ಬಿಲ್ಲು ಸಮೇತ ನ್ಯಾಯವಾಗಿ ಕೊಂಡ ನಾಣ್ಯ ಇಟ್ಟುಕೊಳ್ಳುವುದು ಬೇರೆ ವಿಷಯ. ಅದು ಅಪರಾಧ ಅಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದರ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು, ದೇಶದ ಹೊರಗೆ ಖಾಸಗಿಯವರು ಕಳಿಸುವಂತಿಲ್ಲ. ಈ ಕೊನೆಯ ಮಾತು ನಿಮ್ಮಂಥವರಿಗೆ ಮುಖ್ಯ. ತಮ್ಮ ಲಂಡನ್‌ನಲ್ಲಿ ಕೊಂಡು ತಂದರೆ ಇಲ್ಲಿ ಬಂದಮೇಲೆ ಅದು ಇಲ್ಲಿಯದೇ. ನಾಳೆ ನೀವು ಮತ್ತೆ ಹೊರದೇಶಕ್ಕೆ ಹೋದರೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಲು ಆಗುವುದಿಲ್ಲ. ತರುವಾಗ ಕಸ್ಟಮ್ಸ್‌ನಲ್ಲಿ ಬಿಲ್ಲು ತೋರಿಸಿ ಘೋಷಿಸಬೇಕು. ಸುಂಕದ ದರ ಆಗಾಗ ಬದಲಾಗುತ್ತದೆ, ಕೊಳ್ಳುವ ಮೊದಲೇ ವಿಚಾರಿಸಿ. ಜೇಬಿನಲ್ಲಿಟ್ಟು ತಂದರೆ ಯಾರಿಗೆ ಗೊತ್ತಾಗುತ್ತದೆ ಅಂತ ಹೇಳುವವರು ಸಿಗುತ್ತಾರೆ. ಬೇಡ. ಕಾಗದ ಇಲ್ಲದ ನಾಣ್ಯವನ್ನು ಮುಂದೆ ನಿಮ್ಮ ಮಗಳು ಮಾರುವುದೂ ಕಷ್ಟ.

ಮಸ್ಕತ್‌ಗೆ ವಾಪಸ್ ಹೋಗುವ ಯೋಚನೆ ಇನ್ನೂ ಇದ್ದರೆ ನಾಣ್ಯ ತಮ್ಮನ ಮನೆಯಲ್ಲೇ ಇರಲಿ. ಊರಲ್ಲೇ ನೆಲೆಸುವುದು ಖಚಿತವಾದ ಮೇಲೆ ತರಿಸಿ. ಇಲ್ಲಿ ಲೈಸೆನ್ಸ್ ಇರುವ ವ್ಯಾಪಾರಿಯ ಹತ್ತಿರ ಸಿಕ್ಕರೆ ಈ ತೊಂದರೆಯೇ ಇಲ್ಲ. ಆದರೆ ಯುಲಿಸಿಸ್ ನಮ್ಮಲ್ಲಿ ಅಪರೂಪ, ಕಾಯಬೇಕಾಗುತ್ತದೆ.

ಲಂಡನ್‌ನಲ್ಲಿ ಕೊಳ್ಳುವಾಗಲೂ ನಾಣ್ಯ ಯಾರ ಯಾರ ಕೈ ದಾಟಿ ಬಂದಿದೆ ಅಂತ ಕೇಳಲು ತಮ್ಮನಿಗೆ ಹೇಳಿ. ಸೀಸರ್‌ನ ಕೊಲೆಯ ನೆನಪಿಗೆ ಬ್ರೂಟಸ್ ಹೊಡೆಸಿದ ಬಂಗಾರದ ನಾಣ್ಯವೊಂದು 2020ರಲ್ಲಿ ಅಲ್ಲೇ ಮೂವತ್ತು ಲಕ್ಷ ಪೌಂಡ್ ದಾಟಿ ಹರಾಜಾಯಿತು. ಅದರ ಹಿಂದಿನ ಒಡೆತನದ ಕಥೆ ಸುಳ್ಳು ಅಂತ ಆಮೇಲೆ ಬಯಲಾಯಿತು. 2023ರಲ್ಲಿ ನಾಣ್ಯ ಗ್ರೀಸ್‌ಗೆ ವಾಪಸ್ ಹೋಯಿತು. ನಮ್ಮ ನಿಮ್ಮ ಮಟ್ಟದ ನಾಣ್ಯಕ್ಕೆ ಅಷ್ಟು ದೊಡ್ಡ ಗಲಾಟೆ ಆಗುವುದಿಲ್ಲ ನಿಜ. ಆದರೂ ಹಳೆಯ ಹರಾಜು ಪಟ್ಟಿಯಲ್ಲಿ ಫೋಟೊ ಸಮೇತ ಇರುವ ನಾಣ್ಯ ಸಿಕ್ಕರೆ ಹತ್ತು ಪರ್ಸೆಂಟ್ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ದೋಷದ ಬಗ್ಗೆ ನಾನು ಹೇಳುವವನಲ್ಲ, ಅದು ಮನೆಯವರ ನಂಬಿಕೆ. ಒಂದು ಮಾತ್ರ ಹೇಳಬಲ್ಲೆ. ಮಣ್ಣಿನಲ್ಲಿ ಸಿಕ್ಕ ಡೆನೇರಿಯಸ್‌ಗಳಲ್ಲಿ ಬಹುಪಾಲು ಹೆಣದ ಜೊತೆ ಹೂತವಲ್ಲ. ಯುದ್ಧವೋ ಕಳ್ಳರೋ ಬರುತ್ತಾರೆ ಅಂತ ಯಾರೋ ಕಷ್ಟಪಟ್ಟು ಕೂಡಿಟ್ಟು ಹೂತಿಟ್ಟವು. ಇದನ್ನು ಮಾವನವರಿಗೆ ಹೇಳಿ ನೋಡಿ.

ಡಾಲರ್ ಮಾಡಿಸುವ ಆಸೆಗೆ ಮಾತ್ರ ನಾನು ಅಡ್ಡ ಬರುತ್ತೇನೆ. ಕಾಸಿನ ಸರ ನಮಗೆ ಹೊಸದಲ್ಲ. ದಕ್ಷಿಣ ಭಾರತದಲ್ಲಿ ಸಿಕ್ಕ ಎಷ್ಟೋ ರೋಮನ್ ಬಂಗಾರದ ನಾಣ್ಯಗಳಲ್ಲಿ ತೂತುಗಳಿವೆ, ಆಗಲೇ ಇಲ್ಲಿಯ ಹೆಂಗಸರು ಕೊರಳಿಗೆ ಹಾಕಿಕೊಂಡಿದ್ದರು. ಆದರೆ ಹಳೆ ಬೆಳ್ಳಿ ಬಂಗಾರದ ಹಾಗಲ್ಲ. ಎರಡು ಸಾವಿರ ವರ್ಷ ಮಣ್ಣಲ್ಲಿದ್ದ ಬೆಳ್ಳಿ ಒಳಗೊಳಗೇ ಹರಳುಗಟ್ಟಿರುವುದುಂಟು. ನೋಡಲು ಗಟ್ಟಿ, ಆದರೆ ಕೈತಪ್ಪಿ ಟೈಲ್ಸ್ ಮೇಲೆ ಬಿದ್ದರೆ ಬಿಸ್ಕತ್ತಿನ ಹಾಗೆ ಎರಡಾದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಕ್ಕಸಾಲಿಗರು ಬೆಸುಗೆಗೆ ಉರಿ ಹಿಡಿದರೆ ಸೀಳು ಬರಬಹುದು, ಮೇಲ್ಮೈಯಂತೂ ಹಾಳೇ. ದಿನವೂ ಹಾಕಿಕೊಂಡರೆ ಬೆವರು, ಬಟ್ಟೆಯ ಉಜ್ಜಾಟ. ಎರಡು ಸಾವಿರ ವರ್ಷ ಉಳಿದ ನಾಯಿ ಹತ್ತು ವರ್ಷದಲ್ಲಿ ಅಳಿಸಿಹೋಗುತ್ತದೆ.

ಹಾಕಿಕೊಳ್ಳಲೇಬೇಕು ಅಂದರೆ ಎರಡು ದಾರಿ. ಒಳ್ಳೆಯ ಅಕ್ಕಸಾಲಿಗರಿಂದ ಚೌಕಟ್ಟನ್ನು ಬೇರೆಯಾಗಿ ಮಾಡಿಸಿ, ಬೆಸುಗೆ ಇಲ್ಲದೆ ಕೊಂಡಿಯಲ್ಲಿ ನಾಣ್ಯ ಕೂರಿಸಿ, ವಿಶೇಷದ ದಿನ ಮಾತ್ರ ಹಾಕಿಕೊಳ್ಳುವುದು. ಅದರಲ್ಲೂ ಸೀಳುವ ಅಪಾಯ ಇದ್ದೇ ಇದೆ. ಇಲ್ಲವೇ ಅಸಲಿ ನಾಣ್ಯದ ಪಡಿಯಚ್ಚು ಮೆತ್ತನೆಯ ಜೇಡಿಯಲ್ಲಿ ತೆಗೆಸಿ, ಹೊಸ ಬೆಳ್ಳಿಯಲ್ಲಿ ಪ್ರತಿ ಮಾಡಿಸಿ, ಹಿಂದೆ "ಪ್ರತಿ" ಅಂತ ಕೆತ್ತಿಸಿ ಹಾಕಿಕೊಳ್ಳುವುದು. ನನ್ನ ಮತ ಎರಡನೆಯದಕ್ಕೆ. ಕೆತ್ತಿಸುವುದು ಮರೆಯಬೇಡಿ. ಇವತ್ತು ನೆನಪಿಗೆ ಮಾಡಿಸಿದ್ದು ನಾಳೆ ಇನ್ನೊಬ್ಬರ ಕೈಗೆ ಅಸಲಿ ಅಂತ ಹೋಗಬಾರದು.

ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ, ಯಾವುದೂ ಬೇಡ. ದೇವರ ಮನೆಯ ದೀಪಕ್ಕೆ ಅವು ಸರಿ. ಈ ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ, ಅದು ಕಾಲ ಕಟ್ಟಿಕೊಟ್ಟ ಪದರ. ತಗ್ಗಿನಲ್ಲಿ ಕಪ್ಪು, ಉಬ್ಬಿನಲ್ಲಿ ಬಿಳಿ ಇದ್ದರೇ ನಾಯಿಯ ಪಕ್ಕೆ, ಕಾಲು ಎದ್ದು ಕಾಣುವುದು. ಉಜ್ಜಿದರೆ ಸಪಾಟು ಬಿಳಿ ಬಿಲ್ಲೆ ಉಳಿಯುತ್ತದೆ, ಬೆಲೆಯೂ ಅರ್ಧಕ್ಕೆ ಬೀಳುತ್ತದೆ. ಅಂಚಿನಲ್ಲಿ ಹಿಡಿಯಿರಿ, ಕೆಳಗೆ ಮೆತ್ತನೆ ಬಟ್ಟೆ ಹಾಸಿಕೊಳ್ಳಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರ್‌ಗಳಲ್ಲಿ ಇಡಬೇಡಿ, ವರ್ಷ ಕಳೆದ ಹಾಗೆ ಅದು ಬಿಡುವ ಅಂಟು ನಾಣ್ಯವನ್ನು ಹಸಿರು ಮಾಡುತ್ತದೆ. ಮೈಲಾರ್ ಕವರ್ ಅಂತ ಕೇಳಿ ತನ್ನಿ. ನಿಮ್ಮಲ್ಲಿ ಮಳೆಗಾಲ ಜೋರು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಎರಡು ತಿಂಗಳಿಗೊಮ್ಮೆ ಆ ಪೊಟ್ಟಣ ಬದಲಿಸಿ.

ಕೊಳ್ಳುವ ಮೊದಲು ಒಂದು ತಿಂಗಳು ಸುಮ್ನೆ ನೋಡಿ. ಅಮೆರಿಕನ್ ನ್ಯುಮಿಸ್ಮ್ಯಾಟಿಕ್ ಸೊಸೈಟಿ ಗಣರಾಜ್ಯ ಕಾಲದ ಎಲ್ಲ ನಾಣ್ಯಗಳ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ಅದರಲ್ಲಿ 362/1 ತೆಗೆಯಿರಿ. ಬೇರೆ ಬೇರೆ ಸಂಗ್ರಹಾಲಯಗಳ ಅಸಲಿ ನಾಣ್ಯಗಳ ಫೋಟೊ, ತೂಕ ಸಿಗುತ್ತವೆ. ದಿನಕ್ಕೆ ನಾಲ್ಕು ನೋಡಿ. ಒಂದು ತಿಂಗಳಲ್ಲಿ ಆ ನಾಯಿ ನಿಮಗೆ ಎಷ್ಟು ಪರಿಚಯವಾಗುತ್ತದೆ ಅಂದರೆ ನಕಲಿ ಎದುರಿಗೆ ಬಂದರೆ "ಇದು ನಮ್ಮದಲ್ಲ" ಅಂತ ತಾನಾಗಿ ಅನ್ನಿಸುತ್ತದೆ. ಬಂಗಾರದ ಅಂಗಡಿಯವರು ಬಳಸುವ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಕೈಗನ್ನಡಿ ಮತ್ತು 0.01 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ ತಂದಿಟ್ಟುಕೊಳ್ಳಿ. ಎರಡೂ ಸೇರಿ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತವೆ.

ಮೂರು ನಾಣ್ಯ ಒಟ್ಟಿಗೆ ಬೇಡ. ಮೊದಲು ಆರ್ಗೋಸ್. ತಮ್ಮ ಲಂಡನ್‌ನಲ್ಲಿ ಯಾವುದಾದರೂ ನೋಡಿಟ್ಟರೆ ಎರಡು ಮುಖ ಮತ್ತು ಅಂಚಿನ ಫೋಟೊ, ತೂಕ, ಮಾರುವವರ ಭರವಸೆಯ ಸಾಲುಗಳು, ಇಷ್ಟನ್ನು ನನಗೆ ಕಳಿಸಿ. ನಾನು ನೋಡಿ ಹೇಳುವವರೆಗೆ ಮುಂಗಡ ಕೊಡಬೇಡಿ.